ಸಾಕ್ಷಿಗೆ ಇಟ್ಟ ಹರಿಗೋಲು

ಭೀಮಾ ಹೊಳೆ, ಯಾದಗಿರಿ ಕಡೆಯ ದಂಡೆ
೯ ಆಗಸ್ಟ್ ೧೯೫೭

ಶಹಾಪುರದ ವಕೀಲರಾದ ಗುಂಡೇರಾಯರಿಗೆ ಅಂಬಿಗರ ಸಾಯಬಮ್ಮನ ಶರಣು.

ಕಲ್ಲು ಹೇರಿ ನಮ್ಮ ಹರಿಗೋಲು ಹರಿದ ಗುತ್ತಿಗೆದಾರನೊಂದಿಗೆ ನೀವು ರಾಜಿ ಮಾಡಿಸಿ ಆರು ವರ್ಷವಾಯಿತು. ಅವನು ಕೊಡಬೇಕಾದ ಪರಿಹಾರದ ಹಣಕ್ಕೆ, ಮೊದಲು ಕಾಗದ ಹೈದರಾಬಾದಿನಲ್ಲಿದೆ ಎಂದಿರಿ. ಆಮೇಲೆ ನಿಜಾಮರ ಹಾಲಿ ಸಿಕ್ಕಾ ಹೊಸ ರೂಪಾಯಿಗೆ ತಿರುಗಬೇಕು ಎಂದಿರಿ. ಈಗ ನಾವು ಮೈಸೂರು ರಾಜ್ಯದವರಾದೆವು, ಉರ್ದು ಕಾಗದವೆಲ್ಲ ಕನ್ನಡವಾಗಬೇಕಂತೆ. ಆಗಲಿ. ನಾನು ಹಣ ಕೇಳಲು ಬರೆಸುತ್ತಿಲ್ಲ.

"ರೊಕ್ಕ ಕೈಗೆ ಬರೋತನಕ ಹರಿಗೋಲು ಮುಟ್ಟಬ್ಯಾಡ್ರಿ, ಅದೇ ಸಾಕ್ಷಿ" ಎಂದು ನನ್ನ ಗಂಡ ಮೌನಪ್ಪನಿಗೆ ಹೇಳಿದ್ದಿರಿ. ಎರಡು ತೊಗಲು ಹೊಲಿದಿದ್ದರೆ ಅದು ನಡೆಯುತ್ತಿತ್ತು. ಅವನು ಹೊಲಿಯಲಿಲ್ಲ. ಗೋಡೆಗೆ ಒರಗಿಸಿಟ್ಟು, ಮೇಕೆ ಮೂಸಿದರೂ ಓಡಿಸುತ್ತಿದ್ದ. "ವಕೀಲರಿಗೆ ಮಾತು ಕೊಟ್ಟೀನಿ" ಅನ್ನುತ್ತಿದ್ದ. ಒಣಗಿದ ಸೋರೆ ಬುರುಡೆಗಳನ್ನು ಹೊಟ್ಟೆಗೆ ಕಟ್ಟಿಕೊಂಡು, ಜನರ ಗಂಟುಗಳನ್ನು ತಲೆಯ ಮೇಲಿಟ್ಟು ಈಜಿ ದಾಟಿಸುತ್ತಿದ್ದ. ಹೋದ ಶ್ರಾವಣದಲ್ಲಿ ಬುರುಡೆಗಳು ಮಾತ್ರ ದಂಡೆಗೆ ಬಂದವು.

ಹಣಕ್ಕೆ ಅವನದೇ ಹೆಬ್ಬೆಟ್ಟು ಬೇಕೆಂದು ನಿಮ್ಮ ಗುಮಾಸ್ತ ಬೇಸಿಗೆಯಲ್ಲಿ ಹೇಳಿ ಕಳಿಸಿದ್ದ.

ನಾನು ಕೇಳುವುದು ಒಂದೇ. ಎರಡು ತೊಗಲು ತಂದು ನೆನೆಹಾಕಿದ್ದೇನೆ. ನಾಲ್ಕು ದಿನದೊಳಗೆ ಹೊಲಿಯದಿದ್ದರೆ ಕೊಳೆಯುತ್ತವೆ. ಇನ್ನಾದರೂ ಹರಿಗೋಲು ಮುಟ್ಟಲೇ? ಹುಟ್ಟು ನಾನೇ ಹಾಕುತ್ತೇನೆ. ಮಾತು ಕೊಟ್ಟವನು ಹೋದ, ಆ ಮಾತಿನಿಂದ ಬಿಡಿಸಬೇಕಾದವರು ನೀವು.

ಬೇಗ ತಿಳಿಸಿ ಎನ್ನಲು ನಾಚಿಕೆಯಾಗುತ್ತದೆ. ಈ ಪತ್ರವೂ ಹೊಳೆ ದಾಟಿಯೇ ನಿಮ್ಮ ಕೈ ಸೇರಬೇಕು. ಹೊಳೆ ತುಂಬಿದೆ. ದಾಟಿಸುವವರಿಲ್ಲ.

ಸಾಯಬಮ್ಮನ ಹೆಬ್ಬೆಟ್ಟು
ಬರೆದುಕೊಟ್ಟವರು: ಶಾಲೆಯ ಮಾಸ್ತರ ಈಶಪ್ಪ