ವರದಿಯಲ್ಲಿಲ್ಲದ ಗಾಡಿ

ಕಲ್ಲುಗುಟ್ಟೆಪಾಳ್ಯ, ಮಾಗಡಿ ತಾಲ್ಲೂಕು
೨ ಫೆಬ್ರವರಿ ೨೦೨೫

ಪ್ರೀತಿಯ ರಮ್ಯಾ,

ಜನವರಿ ಹದಿನೇಳರ ಗ್ರಾಮಸಭೆಯಲ್ಲಿ ನಿನ್ನ ಸಹಿಯಿರುವ ವರದಿಯನ್ನು ಎತ್ತಿ ಹಿಡಿದು, ನಮ್ಮ ಕೆರೆಗೆ ಹೂಳು ತುಂಬಿಸಿದವರು ಗುಟ್ಟೆ ಇಳಿಜಾರಿನ ರೈತರೇ ಎಂದು ಕೆರೆ ಯೋಜನೆಯವರು ತೀರ್ಮಾನ ಮಾಡಿದರು. ಇದು ಅನ್ಯಾಯ. ಕುಶಲ ಕೇಳುವ ಮೊದಲೇ ಇದನ್ನು ಬರೆದೆನೆಂದು ಬೇಸರಪಡಬೇಡ. ಎಷ್ಟೋ ಸಲ ಕಾಗದ ಮುಂದಿಟ್ಟುಕೊಂಡೆ, ಬೇರೆ ಯಾವ ಸಾಲಿನಿಂದಲೂ ಶುರುಮಾಡಲಾಗಲಿಲ್ಲ. ತಡವಾದದ್ದು ಅದಕ್ಕೇ. ಫೋನಂತೂ ನೀನು ಎತ್ತುತ್ತಿಲ್ಲ. ಮಂಡಿನೋವು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಿನ್ನ ಕೆಮ್ಮು ವಾಸಿಯಾಯಿತೆ?

ಹೋದ ವರ್ಷ ಹೂಳಿನ ಪರೀಕ್ಷೆಗೆಂದು ಬಂದ ನೀವೆಲ್ಲ ತೆಪ್ಪದ ಮೇಲೆ ಕೂತು, ಕೆರೆಯ ತಳಕ್ಕೆ ಕೊಳವೆ ಇಳಿಸಿ, ಆಳುದ್ದದ ಕೆಸರನ್ನು ಮೇಲೆತ್ತಿದಿರಿ. ನಮ್ಮ ಜಗಲಿಯ ಮೇಲೇ ಕೊಳವೆ ಸೀಳಿ ಮಲಗಿಸಿದಿರಿ. ತಳದಲ್ಲಿ ಕಪ್ಪು ಜೇಡಿ, ಮೇಲೆ ಬೂದುಬಣ್ಣದ ಪುಡಿ. ಎರಡರಿಂದಲೂ ಚಿಟಿಕೆ ತೆಗೆದು ನನ್ನ ಕೈಗೆ ಭೂತಗನ್ನಡಿ ಕೊಟ್ಟೆ. ತಳದ ಕಣಗಳು ಮಾಸಿ ಮೆತ್ತಗಾಗಿದ್ದವು. ಮೇಲಿನವು ಗಾಜಿನ ಚೂರಿನಂತೆ ಮಿನುಗುತ್ತಿದ್ದವು. "ದೊಡ್ಡಮ್ಮ, ಕಲ್ಲು ಕೊಳೆತು ಜೇಡಿ ಆಗಕ್ಕೆ ಸಾವಿರಾರು ವರ್ಷದ ಮಳೆ ಬೇಕು. ಇದು ಮೊನ್ನೆ ಮೊನ್ನೆ ಒಡೆದ ಕಲ್ಲು. ಇನ್ನೂ ಮಳೇನೇ ಸರಿಯಾಗಿ ನೋಡಿಲ್ಲ" ಅಂದೆ. ಗುಟ್ಟೆಯ ನೆತ್ತಿಯ ಮೇಲಿನ ಜಲ್ಲಿ ಕ್ರಷರಿನ ಕಡೆ ಕೈ ತೋರಿಸಿದವಳೂ ನೀನೇ.

ವರದಿಯಲ್ಲಿ ನೋಡಿದರೆ ಅದೇ ಕಲ್ಲಿನ ಪುಡಿ ಟ್ರ್ಯಾಕ್ಟರ್ ಉಳುಮೆಯಿಂದ ಎದ್ದದ್ದಂತೆ. ಕ್ರಷರಿನ ಹೆಸರೇ ಇಲ್ಲ. ತಳದ ಜೇಡಿಯಲ್ಲಿರುವ ಖನಿಜ, ರಾಸಾಯನಿಕ ಎಲ್ಲವೂ ಇಳಿಜಾರಿನ ಹೊಲಗಳ ಮಣ್ಣಿಗೆ ಹೊಂದುತ್ತವೆ, ಆದ್ದರಿಂದ ಅದೂ ಹೊಲದಿಂದಲೇ ಕೊಚ್ಚಿ ಬಂದದ್ದಂತೆ. ಹೊಂದದೆ ಇನ್ನೇನಾದೀತು, ರಮ್ಯಾ? ನಮ್ಮಜ್ಜನ ಕಾಲದಿಂದಲೂ ಕೆರೆ ಬತ್ತಿದ ಬೇಸಿಗೆಯಲ್ಲಿ ಊರಿನವರು ಗಾಡಿ ಕಟ್ಟಿ, ಕೆರೆಯ ತಳದ ಇದೇ ಕಪ್ಪು ಜೇಡಿಯನ್ನು, ನಮ್ಮ ಮಾತಿನ ಗೋಡನ್ನು, ಅಗೆದು ಮೇಲಿನ ಕೆಂಪು ಹೊಲಗಳಿಗೆ ಹೊಡೆದಿದ್ದಾರೆ. ಗೊಬ್ಬರಕ್ಕಿಂತ ಗೋಡು ಮೇಲೆಂದು ನಂಬಿದ ಊರು ಇದು. ಇಳಿಜಾರಿನಲ್ಲಿರುವ ನಮ್ಮ ಕೆಂಚಮ್ಮನ ಹೊಲಕ್ಕೆ ಹೋಗುವ ಗೋಡಿನ ಗಾಡಿಯ ಮೇಲೆ ನೀನೂ ಕೂತು ಹೋಗುತ್ತಿದ್ದೆ. ಸುರಿಯುವಾಗ ಅದರಲ್ಲಿ ಸಿಕ್ಕ ಬಸವನಹುಳುವಿನ ಚಿಪ್ಪುಗಳನ್ನು ಲಂಗದ ತುಂಬ ತುಂಬಿಕೊಂಡು ಮನೆಗೆ ಬರುತ್ತಿದ್ದೆ. ಗುಟ್ಟೆಯ ಮೇಲಿನ ಹೊಲಕ್ಕೆ ಕೆರೆಯ ಚಿಪ್ಪು ತಾನಾಗಿ ಹತ್ತಿಕೊಂಡು ಹೋಯಿತೆ?

ಸಭೆಯಲ್ಲಿ ನಮ್ಮ ಗಂಗಯ್ಯ ಎದ್ದು ನಿಂತು ಇದನ್ನೇ ಕೇಳಿದ: "ಸಾ, ನೀರು ಮೇಲಿಂದ ಕೆಳಕ್ಕೆ ಅರೀತದೆ, ಸರಿ. ನಮ್ ಗಾಡಿ ಕೆಳಗಿಂದ ಮೇಲಕ್ಕೋಯ್ತಿತ್ತಲ್ಲ, ಅದುನ್ಯಾಕೆ ಬುಟ್ರಿ?" ಕೆರೆ ಯೋಜನೆಯ ಅಧಿಕಾರಿ ಹಾಳೆ ತಿರುಗಿಸಿ ನೋಡಿ, "ಗಾಡಿ ವಿಷಯ ವರದೀಲಿ ಇಲ್ಲ ರೀ, ಕೂತ್ಕೊಳ್ಳಿ" ಅಂದರು. ಜನ ನಕ್ಕರು. ಆಮೇಲೆ ಯಾರಿಗೂ ನಗು ಬರಲಿಲ್ಲ.

ಹೊಲಗಳಲ್ಲಿ ಈಗ ಬೋರ್ಡು ನೆಟ್ಟಿದ್ದಾರೆ: ಕೆರೆ ಸಂರಕ್ಷಣಾ ವಲಯ. ಉಳುವಂತಿಲ್ಲ, ಗುದ್ದಲಿ ಹಾಕುವಂತಿಲ್ಲ, ನೀರು ಹಾಯಿಸುವಂತಿಲ್ಲ, ಸೊಪ್ಪು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಕೆಂಚಮ್ಮನ ಹಿಪ್ಪುನೇರಳೆ ತೋಟಕ್ಕೆ ಮೇಲೆ ಕ್ರಷರಿನ ತಂತಿಬೇಲಿ, ಕೆಳಗೆ ಈ ಬೋರ್ಡು. ನಡುವೆ ಅವಳು, ಕುಡುಗೋಲು ಹಿಡಿದು ನಿಂತಿರುತ್ತಾಳೆ. ಮನೆಯಲ್ಲಿ ರೇಷ್ಮೆಹುಳು ಸೊಪ್ಪಿಗೆ ಬಾಯಿ ಬಿಡುತ್ತಿವೆ, ತೋಟ ಒಣಗುತ್ತಿದೆ. ಮೊನ್ನೆ ನಮ್ಮ ಮನೆಗೆ ಬಂದವಳು, "ನಿಮ್ಮನೆಯಿಂದ ನಾನು ಎಪ್ಪು ಇಸ್ಕಂಡೋಗಿ ಮೊಸರು ಮಾಡ್ಕಂಡೆ ಅನ್ನು ಲತಮ್ಮ. ಎಲ್ಡೂ ಒಂದೇ ರುಚಿ ಅವೆ, ನಿಮ್ಮನೆ ಮೊಸರಿಗೆ ನಾನೇ ಉಳಿ ಇಂಡ್ದೆ ಅಂತ ಪಂಚಾಯ್ತಿ ಸೇರ್ಸುದ್ರೆ ಎಂಗೆ?" ಅಂದಳು. ನಿಮ್ಮ ಪರೀಕ್ಷೆಯ ತಪ್ಪನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ಮಣ್ಣಿನ ಮಾದರಿಗೆಂದು ನೀನು ಅವಳ ಹೊಲಕ್ಕೆ ಹೋದ ದಿನ, "ತಗೋ ಮಗ, ಎಷ್ಟ್ ಬೇಕೋ ಅಷ್ಟು ತುಂಬ್ಕೊ" ಎಂದು ಚೀಲದ ಬಾಯಿ ಅಗಲಿಸಿ ಹಿಡಿದವಳು ಅವಳೇ.

ಆಕ್ಷೇಪಣೆ ಕೇಳುವ ಸಭೆ ಇದೇ ಇಪ್ಪತ್ತನಾಲ್ಕಕ್ಕೆ. ಅದಾದ ಮೇಲೆ ಆದೇಶ ಕಾಯಂ. ನಾನು ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ. ನಿನ್ನನ್ನು ಸಾಕಿ ಬೆಳೆಸಿದವಳು ನಾನಲ್ಲವೆ. ಹುಡುಗಿ ಗೋಡಿನ ವಿಷಯ ಮರೆತಿದ್ದಾಳೆ, ನೆನಪಾದ ಕೂಡಲೆ ತಿದ್ದುತ್ತಾಳೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಆರೋಗ್ಯವನ್ನೂ, ಅದರ ಜೊತೆಗೆ ಒಸಿ ಎದೆಗಾರಿಕೆಯನ್ನೂ ಕೊಡಲಿ.

ನಿನ್ನ ದೊಡ್ಡಮ್ಮ,
ಲತಾಮಣಿ

ಮರೆತ ಮಾತು: ಸುಳ್ಳೇಕೆ, ಮರೆತದ್ದಲ್ಲ. ಮೇಲಿನದನ್ನೆಲ್ಲ ಪಕ್ಕದಲ್ಲೇ ಕೂತಿದ್ದ ಕೆಂಚಮ್ಮನಿಗೆ ಓದಿ ಹೇಳಿದೆ. "ಮರ್ತೋಗಿರ್ತದೆ ಮಗ. ಓದೋರ ತಲೇಲಿ ನೂರೆಂಟಿರ್ತವೆ. ಬೈಬ್ಯಾಡ ಕಣಮ್ಮ" ಎಂದು ಎದ್ದು ಹೋದಳು. ಇನ್ನು ಬರೆಯುವುದನ್ನು ಅವಳಿಗೆ ಓದಿ ಹೇಳುವ ಧೈರ್ಯ ನನಗಿಲ್ಲ.

ಸಭೆಯ ದಿನ ಸಂಜೆ ನೀನು ಕೊನೆಯ ಸಲ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಯಿಂದ ಹೋಗುತ್ತಿಲ್ಲ. "ಗೋಡಿನ ವಿಷಯ ಬರ್ದಿದ್ದೆ ದೊಡ್ಡಮ್ಮ. ಕ್ರಷರ್ ವಿಷಯಾನೂ ಬರ್ದಿದ್ದೆ. ತೆಗ್ಸಿಬಿಟ್ರು. ಸಹಿ ಹಾಕ್ದೆ ಇದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು." ಅಂದರೆ ತಿಳಿದೇ ಹಾಕಿದೆ. ನಾನು ಬಾಯಿ ಬಿಟ್ಟರೆ ನೀನು ಮುಳುಗುತ್ತೀಯ, ಬಾಯಿ ಮುಚ್ಚಿದರೆ ಕೆಂಚಮ್ಮ. ಎತ್ತ ತಿರುಗಿದರೂ ಗೋಡೆಯೇ. ಇದರ ಬಾಗಿಲು ನಿನ್ನ ಕಡೆಯಿಂದ ಮಾತ್ರ ತೆಗೆಯುತ್ತದೆ.

ಇಪ್ಪತ್ತನಾಲ್ಕಕ್ಕೆ ಬಾ. ಆ ಸಾಲುಗಳನ್ನು ತೆಗೆಸಿದವರು ಯಾರು, ಯಾರಿಗಾಗಿ ತೆಗೆಸಿದರು? ನನ್ನ ಕಿವಿಯಲ್ಲಿ ಹೇಳಿದ್ದು ಸಾಕು. ಸಭೆಯಲ್ಲಿ ಎದ್ದು ನಿಂತು, ಕೆಂಚಮ್ಮನ ಮುಖ ನೋಡಿ, ಊರಿಗೆಲ್ಲ ಕೇಳುವ ಹಾಗೆ ಹೇಳು.