ಒಂಬತ್ತು ಮೆಟ್ಟಿಲು ನೀರು

ಕಾಕಾ,

ಹಾಸಿಗೆ ಹಿಡಿದ ಮೇಲೆ, ಕಣ್ಣು ಮುಚ್ಚುವ ಮುಂಚೆ ಒಂದು ದಿನ ನೀನು ನಮ್ಮ ಕೆರೆಯ ತೂಬಿನ ಕೀಲಿ ನನ್ನ ಕೈಗಿಟ್ಟೆ. ಸ್ವಂತ ಮಗ ಶಿವರಾಜ ಪಕ್ಕದಲ್ಲೇ ನಿಂತಿದ್ದ. ಐದನೆಯ ತರಗತಿಗೇ ಸಾಲೆ ಬಿಟ್ಟ ನನಗೆ ಯಾಕೆ ಎಂದು ಕೇಳಿದರೆ, "ಅಂಜವನ ಕೈಯಾಗ ನೀರು ಉಳಿತಾವ" ಅಂದೆ. ಅಂಜುವುದೇನೋ ಬರುತ್ತದೆ ಕಾಕಾ. ಉಳಿದದ್ದು...

ಪ್ರತಿ ಯುಗಾದಿಗೆ ನೀನು ಕೆರೆಯ ಮೆಟ್ಟಿಲು ಇಳಿದು, ನೀರೊಳಗೆ ಇನ್ನೆಷ್ಟು ಮುಳುಗಿವೆ ಎಂದು ಎಣಿಸುತ್ತಿದ್ದೆ. "ತಳದ ಏಳು ಮೆಟ್ಟಲ ನೀರು ದನಕ್ಕ, ಮ್ಯಾಲಿಂದು ಕಬ್ಬಿಗೆ" ಅಂದರೆ ಮುಗಿಯಿತು, ಯಾರೂ ತಕರಾರು ಮಾಡುತ್ತಿರಲಿಲ್ಲ. ಏಳೇ ಯಾಕೆಂದು ನಾನೂ ಕೇಳಲಿಲ್ಲ.

ಹೋದ ವರ್ಷ ಫೋನಿಗೆ ಹವಾಮಾನದ ಸುದ್ದಿ ಬಂತು: ಈ ಸಲ ಮಳೆ ವಾಡಿಕೆಗಿಂತ ಹೆಚ್ಚಾಗುವ ಸಾಧ್ಯತೆ. ಮೂರು ಸಲ ಓದಿಕೊಂಡೆ. 'ಸಾಧ್ಯತೆ' ಎಂಬಷ್ಟನ್ನು ಮಾತ್ರ ಓದಲಿಲ್ಲ ನೋಡು. ಹೆಂಗೂ ಬರುತ್ತದಲ್ಲ ಎಂದು ಕಬ್ಬಿಗೆ ಇನ್ನೊಂದು ಸರ್ತಿ ನೀರು ಬಿಟ್ಟೆ. ದನಗಳಿಗೆ ಉಳಿದದ್ದು ಐದು ಮೆಟ್ಟಿಲು. ಆ ಸುದ್ದಿ ಸುಳ್ಳಾಗಲಿಲ್ಲ, ಕೊನೆಗೆ ಮಳೆ ಹೆಚ್ಚೇ ಆಯಿತು. ಆದರೆ ಜೂನಿನ ಮೃಗಶಿರ ಮಳೆ, ನಮ್ಮ ಮಿರಗ, ನಾಲ್ಕು ಹನಿ ಉದುರಿಸಿ ಹೋದದ್ದು, ತಿಂಗಳುಗಟ್ಟಲೆ ತಿರುಗಿ ನೋಡಲಿಲ್ಲ. ಕೆರೆಯ ಕೆಸರಲ್ಲಿ ಹೂತ ಎಲ್ಲವ್ವನ ಎಮ್ಮೆಯನ್ನು ಹಗ್ಗ ಹಾಕಿ ಎಳೆದೆವು. ಬದುಕಲಿಲ್ಲ. ಆಕೆ ಅಳಲಿಲ್ಲ ಕಾಕಾ. "ತಮ್ಮಾ, ಆ ನಿನ್ನ ಫೋನ್ ಹಿಂಡಿ ಉಳಿದ ದನಕ್ಕರೆ ಒಂದು ಬಕೀಟ ನೀರು ಕೊಡು" ಅಂದಳು.

ಈ ವರ್ಷವೂ ಅದೇ ಸುದ್ದಿ. ಹೆದರಿ ಹುಮನಾಬಾದಿಗೆ ಹೋಗಿ ಕೃಷಿ ಕಚೇರಿಯ ಮೇಡಂಗೆ ಫೋನ್ ತೋರಿಸಿದೆ.

"ಇದು ಖರೇನ ಆಗತದೇನ್ರಿ?"

"ಇದು ವಚನ ಅಲ್ರಿ ಅಣ್ಣಾರ, ಅಂದಾಜು. ಇಡೀ ಮಳಿಗಾಲದ್ದು ಹೇಳತದ, ಯಾವ ವಾರ ಬರತದ ಅಂತ ಹೇಳಂಗಿಲ್ಲ."

"ಹಂಗಾರ ದನಕ್ಕ ನಮ್ಮ ಕಾಕಾ ಇಡತಿದ್ದ ಏಳು ಮೆಟ್ಟಲ ನೀರು ಸಾಕಲ್ರಿ?"

"ಆ ಲೆಕ್ಕ ಯಾವ ಕಾಲದ್ದು?"

"ಅವನ ಹರೇದ ಕಾಲದ್ದು."

"ಆಗಿನ ಬ್ಯಾಸಗಿ ಬ್ಯಾರೆ ಇತ್ರಿ. ಬಿಸಲು ವರ್ಷಾ ವರ್ಷಾ ಏರಾಕತ್ತೇದ, ಕೆರಿ ಲಗೂ ಆರತದ. ಮುಂದನೂ ಹಿಂಗ."

ವಾಪಸು ಬರುವಾಗ ಆಟೋದಲ್ಲಿ ದಾರಿಯುದ್ದಕ್ಕೂ ನಿನ್ನ ಜೊತೆ ವಾದ ಮಾಡಿದೆ. ನಿನ್ನ ಲೆಕ್ಕ ತಪ್ಪೆಂದು ಹೇಳುವಷ್ಟು ದೊಡ್ಡವನೇ ನಾನು? ತಪ್ಪಲ್ಲ, ಕಾಕಾ. ನೀನು ಎಣಿಸಿದ ಬೇಸಿಗೆಗಳು ಈಗಿಲ್ಲ, ಅಷ್ಟೇ.

ನಿನ್ನೆ, ನಿನ್ನ ಏಳಕ್ಕೆ ಎರಡು ಸೇರಿಸಿ, ಒಂಬತ್ತು ಮೆಟ್ಟಿಲು ಮುಳುಗಿರುವಾಗಲೇ ತೂಬು ಮುಚ್ಚಿದೆ. ಶಿವರಾಜನ ಕಬ್ಬಿಗೆ ಕೊನೆಯ ನೀರು ಸಿಗಲಿಲ್ಲ. ಮುಚ್ಚುವ ಮಾತು ಎತ್ತಿದಾಗಿನಿಂದ, ಎಂಟು ದಿನ, ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ತೂಬಿನ ಗಾಲಿ ತಿರುಗಿಸಲು ಇಬ್ಬರು ಬೇಕಲ್ಲ? ಒಬ್ಬನೇ ಜಗ್ಗಾಡುತ್ತಿದ್ದೆ. ಬಂದ, ಮುಖ ತಿರುಗಿಸಿಕೊಂಡೇ ಆ ಕಡೆ ಹಿಡಿದ. ಮುಚ್ಚಿದ ಮೇಲೆ ಬೆವರು ಒರೆಸಿಕೊಂಡು ಅಂದ: "ಮಿರಗಕ್ಕ ಮಳಿ ಛಲೋ ಬಂತಂದ್ರ, ಮಗನ, ನಿನ್ನ ಇದೇ ಕೆರಿಗಿ ದಬ್ಬತೀನಿ."

ದಬ್ಬಲಿ ಕಾಕಾ. ನಿನ್ನೆಯಿಂದ ಮುಗಿಲು ನೋಡಿ ಆ ಮಳೆಯನ್ನೇ ಬೇಡಿಕೊಳ್ಳುತ್ತಿದ್ದೇನೆ.