ಎಂಟು ತಿಂಗಳು ಕಿವಿಯಿಂದ ಕಲಿತ ಕಂಪ್ಯೂಟರು

ಬಂಕಾಪುರ, ತಾ. ಶಿಗ್ಗಾಂವಿ, ಜಿ. ಧಾರವಾಡ
ಮಾರ್ಚ್ ೩, ೧೯೮೭

ಶಾಲೆಗಳಿಗೆ ಗಣಕಯಂತ್ರ ಹಂಚುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಹಿರೇಬೆಂಡಿಗೇರಿ ಹೈಸ್ಕೂಲಿನ ಕಂಪ್ಯೂಟರು ಬಳಕೆಯಲ್ಲಿಲ್ಲ, ಆದ್ದರಿಂದ ಬರುವ ಸೋಮವಾರ ಲಾರಿ ಕಳಿಸಿ ಅದನ್ನು ವಾಪಸು ಒಯ್ಯಲಾಗುವುದು ಎಂದು ತಮ್ಮ ಆದೇಶದ ಮೊದಲ ಪುಟ ಹೇಳುತ್ತದೆ. ಅದೇ ಕಂಪ್ಯೂಟರನ್ನು ಅನಧಿಕೃತ ರೀತಿಯಲ್ಲಿ ಬಳಸಿದ್ದೇಕೆ ಎಂದು ಎರಡನೆಯ ಪುಟ ವಿಜ್ಞಾನ ಶಿಕ್ಷಕಿ ಮಾದೇವಿಯವರಿಂದ ಉತ್ತರ ಕೇಳುತ್ತದೆ. ಎರಡೂ ಪುಟಕ್ಕೆ ತಮ್ಮದೇ ಮೊಹರು. ದಯವಿಟ್ಟು ಈ ಎರಡು ಪುಟಗಳಿಗೆ ಪರಸ್ಪರ ಪರಿಚಯ ಮಾಡಿಸಬೇಕು. ಎರಡನೆಯ ಪುಟದಲ್ಲಿ ಬರುವ 'ಹೊರಗಿನ ಅನಧಿಕೃತ ವ್ಯಕ್ತಿ' ನಾನೇ. ಬಂಕಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ರೇಡಿಯೋ, ಈಚೆಗೆ ಟಿ.ವಿ.ಯನ್ನೂ ರಿಪೇರಿ ಮಾಡಿಕೊಂಡಿದ್ದೇನೆ.

ಹೋದ ಜೂನ್ ತಿಂಗಳಲ್ಲಿ ತಾವು ಮೂರು ಪೆಟ್ಟಿಗೆ ಕಳಿಸಿದಿರಿ. ಒಂದರಲ್ಲಿ ಕಂಪ್ಯೂಟರು, ಇನ್ನೊಂದರಲ್ಲಿ ಮಾನಿಟರು, ಮೂರನೆಯದರಲ್ಲಿ ಎರಡನ್ನೂ ಜೋಡಿಸುವ ಕೇಬಲ್ಲು. ಕೇಬಲ್ಲಿನ ಮೂತಿಗೆ ಒಂದೇ ಪಿನ್ನು, ಮಾನಿಟರಿನ ಬೆನ್ನಿಗೆ ಒಂಬತ್ತು ತೂತು. ಹೆಡ್ ಮಾಸ್ತರ ಗುದ್ಲೆಪ್ಪನವರು ಒಂದೊಂದೇ ತೂತಿಗೆ ತುರುಕಿ ನೋಡಿ, ಸೋತು, ತಮಗೆ ಪತ್ರ ಬರೆದರು. ಎರಡು ತಿಂಗಳಿಗೆ ತಮ್ಮ ಉತ್ತರ ಬಂತು: 'ಸರಬರಾಜು ಮಾಡಿದ ಮಾನಿಟರು ಡಿಜಿಟಲ್ ಮಾದರಿಯದು. ಡಿಜಿಟಲ್ ಮಾದರಿಯು ಅನಲಾಗ್ ಮಾದರಿಗಿಂತ ಶ್ರೇಷ್ಠವಾದ್ದರಿಂದ ದೂರಿಗೆ ಆಧಾರವಿಲ್ಲ.' ಮದುವೆ ಹಂದರಕ್ಕೆ ಗಂಡು ಬಂದಿಲ್ಲ ಎಂದು ಗೋಳಿಟ್ಟರೆ, ಗಂಡು ಎಂ.ಎ. ಪಾಸಾಗಿದ್ದಾನೆ ಎಂದು ಉತ್ತರ ಕೊಟ್ಟ ಹಾಗಾಯಿತು.

ಶ್ರೇಷ್ಠತೆಯ ಮಾತು ತಾವೇ ಎತ್ತಿದ್ದರಿಂದ ನಾನೂ ಎರಡು ಮಾತು ಆಡುತ್ತೇನೆ. ತಮ್ಮ ಮಾನಿಟರು ಬಲ್ಲದ್ದು ಸ್ವಿಚ್ಚಿನ ಭಾಷೆ. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ತಂತಿ. ಒಂದೊಂದು ತಂತಿಯಲ್ಲೂ ಬಣ್ಣ ಇರಬೇಕು ಇಲ್ಲವೇ ಇರಬಾರದು, ನಡುವಿನದಕ್ಕೆ ಜಾಗವಿಲ್ಲ. ಕಪ್ಪು ಬಿಳುಪು ಸೇರಿಸಿ ಅದಕ್ಕೆ ಗೊತ್ತಿರುವುದು ಎಂಟೇ ಬಣ್ಣ. ಸವಣೂರಿನ ವೀಳ್ಯದೆಲೆ ಬಳ್ಳಿಯ ಚಿಗುರೂ ಬಲಿತ ಎಲೆಯೂ ಅದರ ಪಾಲಿಗೆ ಒಂದೇ ಹಸಿರು. ಅನಲಾಗ್ ಎಂಬುದು ಕಂದೀಲಿನ ಬತ್ತಿಯನ್ನು ಏರಿಸಿ ಇಳಿಸಿದ ಹಾಗೆ: ಎಷ್ಟು ಬೇಕೋ ಅಷ್ಟು ಬೆಳಕು. ಆದರೆ ದಾರಿಯಲ್ಲಿ ಸಿಕ್ಕ ಕಸವನ್ನೆಲ್ಲ ಮೈಗೆ ಹಚ್ಚಿಕೊಂಡು ಬರುತ್ತದೆ. ಅಕ್ಷರ ಓದಲಿಕ್ಕಾದರೆ ಡಿಜಿಟಲ್ಲೇ ಸ್ವಚ್ಛ, ಅನುಮಾನವಿಲ್ಲ. ಅದನ್ನು ಒಪ್ಪಿಕೊಳ್ಳಲಿಕ್ಕೆ ನನಗೆ ನಾಚಿಕೆಯೂ ಇಲ್ಲ. ಆದರೆ ಮಾನ್ಯರೇ, ಒಂದು ತಂತಿಯ ಅನಲಾಗ್ ಕೇಬಲ್ಲು ಕೊಟ್ಟು ಡಿಜಿಟಲ್ಲಿನ ಗುಣಗಾನ ಮಾಡಿದರೆ ಚಿತ್ರ ಎಲ್ಲಿಂದ ಬರಬೇಕು?

ಚಿತ್ರ ಬರಲಿಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗಿನ ಸ್ಪೀಕರಿನಿಂದ ಸದ್ದು ಮಾತ್ರ ಬಂತು. ಅನಾಹುತವಾದದ್ದು ಅಲ್ಲೇ. ನಮ್ಮದು ಆಕಾಶವಾಣಿ ಕೇಳಿ ಬೆಳೆದ ಸೀಮೆ. ಸ್ವಿಚ್ ಹಾಕಿದರೆ ಕುಂಯ್ ಎನ್ನುವ, ಒತ್ತಿದರೆ ಪೀಂ ಎನ್ನುವ ಪೆಟ್ಟಿಗೆ ಎಂದರೆ ಅದು ಕೇಳುವ ಪೆಟ್ಟಿಗೆಯೇ ಎಂದು ಊರು ನಿರ್ಧರಿಸಿಬಿಟ್ಟಿತು. ಕಪ್ಪು ಮಾನಿಟರಿನ ಮೇಲೆ ಹಾಜರಿ ಪುಸ್ತಕ ಇಟ್ಟರು. ಊರಿನ ಹಿರಿಯ ನೀಲಪ್ಪಜ್ಜ ಅರ್ಧ ತಾಸು ಭಕ್ತಿಯಿಂದ ಕುಳಿತು ಕೇಳಿ, 'ಎಲ್ಲಾ ಬರೋಬ್ಬರಿ ಐತ್ರಿ, ಆದ್ರ ಧಾರವಾಡ ಹಿಡಿಯೂದಿಲ್ಲೇನ್ರಿ ಇದು?' ಎಂದನಂತೆ. ಅಜ್ಜನನ್ನು ನೋಡಿ ನಗಬೇಡಿ. ನವೆಂಬರಿನಲ್ಲಿ ತಪಾಸಣೆಗೆ ಬಂದ ತಮ್ಮ ಇನ್ಸ್‌ಪೆಕ್ಟರು ಚಹಾ ಕುಡಿದು, 'ಯಂತ್ರ ಸುಸ್ಥಿತಿಯಲ್ಲಿದೆ, ಧ್ವನಿ ಸ್ಪಷ್ಟವಾಗಿದೆ' ಎಂದು ಬರೆದು ಸಹಿ ಮಾಡಿ ಹೋಗಿದ್ದಾರೆ.

ಮಾದೇವಿ ಅಕ್ಕೋರೊಬ್ಬರು ಮಾತ್ರ ಸುಮ್ಮನಿರಲಿಲ್ಲ. ಜೊತೆಗೆ ಬಂದ ಪುಸ್ತಕ ಓದಿ, ಪರದೆಯ ಮೇಲೆ ಏನು ಮೂಡಬೇಕೋ ಅದನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತ, ಒಂಬತ್ತನೆಯ ಇಯತ್ತೆಯ ಹದಿನಾಲ್ಕು ಹುಡುಗಿಯರಿಗೆ ಕಲಿಸಿದರು. ಹುಡುಗಿಯರು ಒಂದು ಸಾಲು ಒತ್ತುವುದು, ಪೀಂ ಎಂದರೆ ಚಪ್ಪಾಳೆ ತಟ್ಟುವುದು. ಪೀಂ ಎಂದರೆ ಶಭಾಷ್ ಎಂದು ಅಕ್ಕೋರೂ ತಿಳಿದಿದ್ದರು, ಮಕ್ಕಳೂ ತಿಳಿದಿದ್ದರು. ಎಲ್ಲರಿಗಿಂತ ಹೆಚ್ಚು ಪೀಂ ಗಳಿಸಿದವಳು ಗುತ್ತೆವ್ವ.

ಫೆಬ್ರುವರಿ ನಡುಭಾಗದಲ್ಲಿ ಅಕ್ಕೋರು ನನ್ನ ಅಂಗಡಿಗೆ ಬಂದರು. 'ಗೌಸಣ್ಣಾರ, ಕಣ್ಣು ಕಟ್ಕೊಂಡು ಎಷ್ಟು ದಿನಾ ಕಲಿಸ್ಲಿ? ಒಮ್ಮೆ ಬಂದು ನೋಡ್ರಿ' ಎಂದರು. ಹೋದೆ. ಮಾನಿಟರಿಗೆ ತಮ್ಮ ಅರಗಿನ ಮುದ್ರೆ ಇತ್ತು, ಅದನ್ನು ನಾನು ಮುಟ್ಟಿಲ್ಲ. ಕಂಪ್ಯೂಟರಿನ ಹಿಂದೆ ಮಾತ್ರ ಇಣುಕಿದೆ. ಅಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ತೂತೊಂದು ಕಂಡಿತು: ಟಿ.ವಿ.ಯ ಏರಿಯಲ್ ತಂತಿ ಸಿಕ್ಕಿಸುವಂಥದು. ಪಂಚಾಯ್ತಿಯ ಕಪ್ಪು ಬಿಳುಪು ಟಿ.ವಿ.ಯನ್ನು ಎತ್ತಿನ ಗಾಡಿಯಲ್ಲಿ ತಂದು, ತಂತಿ ಜೋಡಿಸಿ, ಸ್ಟೇಶನ್ ಹಿಡಿಯುವ ಹಾಗೆಯೇ ಬಿರಡೆ ತಿರುಗಿಸಿದೆ. ಚಿತ್ರ ಬಂತು. ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ಅಕ್ಷರಗಳು ಚಳಿ ಹತ್ತಿದಂತೆ ನಡುಗುತ್ತಿದ್ದವು, ಆದರೂ ಓದಲಿಕ್ಕೆ ಬರುತ್ತಿದ್ದವು.

ಗುತ್ತೆವ್ವನಿಗೇ ಮೊದಲ ಮರ್ಯಾದೆ. ತನ್ನ ಹೆಮ್ಮೆಯ ಸಾಲು ಒತ್ತಿದಳು, ಪೀಂ ಎಂದಿತು. ಪರದೆಯ ಮೇಲೆ ಬಂದದ್ದು 'ತಪ್ಪು' ಎಂಬ ಅರ್ಥದ ಇಂಗ್ಲಿಷ್ ಶಬ್ದ. ಮತ್ತೆ ಒತ್ತಿದಳು, ಮತ್ತೆ ತಪ್ಪು. ಪರದೆಯ ತುಂಬ ತಪ್ಪೇ ತುಂಬಿತು. ಹುಡುಗಿ ಅಕ್ಕೋರ ಕಡೆ ತಿರುಗಿ, 'ಅಂದ್ರ ಎಂಟು ತಿಂಗ್ಳಿಂದ ಇದು ನಮಗ ಬೈಯಾಕತ್ತಿತ್ತೇನ್ರಿ ಅಕ್ಕೋರ?' ಎಂದಳು. ಕೋಣೆಯೆಲ್ಲ ನಕ್ಕಿತು, ಅವಳೂ ನಕ್ಕಳು, ನಗುತ್ತಲೇ ಅವಳ ಕಣ್ಣು ತುಂಬಿ ಬಂತು. ಬೈಗುಳಕ್ಕೆ ಎಂಟು ತಿಂಗಳು ಚಪ್ಪಾಳೆ ತಟ್ಟಿಸಿದ್ದು ನಾವು ದೊಡ್ಡವರಲ್ಲವೇ? ಗುತ್ತೆವ್ವ ಕಣ್ಣೊರೆಸಿಕೊಂಡು, 'ಅಣ್ಣಾರ, ಟಿ.ವಿ. ಇನ್ನೊಂದ್ಸ್ವಲ್ಪ ಇರ್ಲಿ, ಒಯ್ಯಬ್ಯಾಡ್ರಿ' ಎಂದು ಮತ್ತೆ ಕುಳಿತಳು.

ಹನ್ನೊಂದು ದಿನ ಟಿ.ವಿ. ಬೆಳಿಗ್ಗೆ ಶಾಲೆಗೆ ಬಂತು, ಸಂಜೆಗೆ ಪಂಚಾಯ್ತಿಗೆ ಮರಳಿತು. ಹನ್ನೊಂದನೆಯ ದಿನ ಗುತ್ತೆವ್ವ ಸಾಲು ಸಾಲಾಗಿ ಬರೆದ ಪ್ರೋಗ್ರಾಮು ಒಂದೂ ಪೀಂ ಇಲ್ಲದೆ ಕೊನೆಮುಟ್ಟ ಓಡಿತು. ಆ ಮೌನದಂಥ ಸದ್ದನ್ನು ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ನಾನು ಕೇಳಿಲ್ಲ. ಹನ್ನೆರಡನೆಯ ದಿನ ತಮ್ಮ ಆದೇಶ ಬಂತು.

ನನ್ನ ಬೇಡಿಕೆ ದೊಡ್ಡದಲ್ಲ. ಲಾರಿ ನಿಲ್ಲಿಸಿ. ಮಾದೇವಿ ಅಕ್ಕೋರಿಗೆ ಕೊಟ್ಟ ನೋಟೀಸು ಹಿಂತೆಗೆದುಕೊಳ್ಳಿ. ಕಾರಣ ಬೇಕಿದ್ದರೆ ನನ್ನನ್ನು ಕೇಳಿ. ಹೊಸ ಕೇಬಲ್ಲನ್ನೂ ಕಳಿಸಬೇಡಿ, ಕಳಿಸಿದರೆ ಈ ಸಲ ಯಾವುದು ಬರುತ್ತದೋ ಎಂದು ನನಗೆ ಹೆದರಿಕೆ. ಒಂಬತ್ತು ತೂತುಗಳಲ್ಲಿ ಯಾವುದಕ್ಕೆ ಯಾವ ತಂತಿ ಎಂಬ ನಕ್ಷೆಯ ಒಂದು ಹಾಳೆ ಕಳಿಸಿದರೆ ಸಾಕು, ಡಿಜಿಟಲ್ ಕೇಬಲ್ಲನ್ನು ನಾನೇ ಬೆಸುಗೆ ಹಾಕಿಕೊಡುತ್ತೇನೆ.

ಲಾರಿ ಬರಲೇಬೇಕು ಎಂದಾದರೆ ಅದರಲ್ಲಿ ತಾವೂ ಬರಬೇಕು. ಈ ಯಂತ್ರ ಬಳಕೆಯಲ್ಲಿಲ್ಲ ಎಂಬ ಮಾತನ್ನು ಗುತ್ತೆವ್ವನ ಮುಂದೆ ಕುಳಿತು ತಾವೇ ಅದರೊಳಗೆ ಒತ್ತಬೇಕು. ತಮ್ಮಿಂದ ಬಂದ ಎಲ್ಲ ಪತ್ರಗಳ ಕೆಳಗೂ 'ಪರವಾಗಿ' ಎಂದು ಬರೆದು, ಹೆಸರು ಹಾಕದೆ, ಯಾರೋ ಒಂದು ಗೀಟು ಎಳೆದಿದ್ದಾರೆ. ಅವಳ ಪ್ರೋಗ್ರಾಮು ಗೀಟನ್ನು ಒಪ್ಪುವುದಿಲ್ಲ. ಅದು ಕೇಳುವ ಮೊದಲ ಪ್ರಶ್ನೆ, ನಿಮ್ಮ ಹೆಸರೇನು ಎಂಬುದು. ಹದಿನಾಲ್ಕು ಹುಡುಗಿಯರು ನೋಡುತ್ತ ನಿಂತಿರುತ್ತಾರೆ, ತಾವು ಹೆಸರು ಒತ್ತುವವರೆಗೆ ಅದು ಮುಂದಕ್ಕೆ ಹೋಗುವುದಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಅನಧಿಕೃತ, ತನ್ನ ಓಣಿಯಲ್ಲಿ
ಮಹಮ್ಮದಗೌಸ, ರೇಡಿಯೋ ರಿಪೇರಿಯವನು